ಗಂಟೆ ಕೇಳದವರನ್ನು ಎಬ್ಬಿಸುವವರು ಯಾರು?



ಕೆಲವು ವರ್ಷಗಳ ಹಿಂದೆ, ಬೇಸಗೆಯ ಒಂದು ರಾತ್ರಿ, ನಮ್ಮ ಭಾಗದ ಒಂದು ರಬ್ಬರ್ ತೋಟದ ಹೊಗೆಮನೆಗೆ ಬೆಂಕಿ ಹತ್ತಿಕೊಂಡಿತು. ಅಲ್ಲಿಂದ ಲೈನ್ ಮನೆಗಳಿಗೆ ನಲವತ್ತು ಹೆಜ್ಜೆಯೂ ಇರಲಿಲ್ಲ. ನಡುವೆ ಇದ್ದುದು ಮಳೆಗಾಲಕ್ಕೆಂದು ಒಟ್ಟಿದ್ದ ಕಟ್ಟಿಗೆ, ತೆಂಗಿನ ಮಡಲು, ಒಣಗಿದ ಅಡಿಕೆ ಸೋಗೆ. ಕಾವಲಿನವನು ಮರಕ್ಕೆ ತೂಗುಹಾಕಿದ್ದ ಕಬ್ಬಿಣದ ತುಂಡನ್ನು ಒಂದೇ ಸಮನೆ ಬಡಿದ. ಜನ ಎದ್ದರು. ಮಕ್ಕಳನ್ನು ಎತ್ತಿಕೊಂಡು, ಮುದುಕರ ಕೈಹಿಡಿದು, ದಾಖಲೆಪತ್ರಗಳ ಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡು ಅಂಗಳಕ್ಕೆ ಬಂದರು. ನಾವೂ ಓಡಿಹೋಗಿ ಸೇರಿದೆವು. ಪ್ರತಿಯೊಬ್ಬರೂ ತಮ್ಮ ತಮ್ಮ ಮಕ್ಕಳ ತಲೆ ಎಣಿಸಿಕೊಂಡರು. ಎಣಿಕೆ ಸರಿಯಾಯಿತೆಂದು ಎಲ್ಲರೂ ಉಸಿರು ಬಿಟ್ಟ ಮೇಲೆ, ಸಣ್ಣ ಹುಡುಗನೊಬ್ಬ, 'ಕೊನೆಯ ಮನೆಯ ಅತ್ತೆ ಬಂದಿಲ್ಲ' ಎಂದ.

ಕೊನೆಯ ಮನೆಯ ಆ ಸಹೋದರಿಗೆ ಹುಟ್ಟಿನಿಂದಲೇ ಕಿವಿ ಕೇಳದು. ಗಂಡ ಆ ಹೊತ್ತಿಗೆ ತಲೆಗೆ ದೀಪ ಕಟ್ಟಿಕೊಂಡು ಟ್ಯಾಪಿಂಗಿಗೆ ಹೊರಟುಹೋಗಿದ್ದ. ಒಳಗಿನಿಂದ ಅಗಳಿ ಹಾಕಿತ್ತು. ಬಾಗಿಲು ಬಡಿದರು, ಕೂಗಿದರು, ಕಿಟಿಕಿಗೆ ಕಲ್ಲು ಹೊಡೆದರು. ಕೇಳದವರಿಗೆ ಬಾಗಿಲು ಬಡಿದು ಏನು ಪ್ರಯೋಜನ? ಕಡೆಗೆ ಒಬ್ಬ ಮಾಡು ಹತ್ತಿ, ನಾಲ್ಕು ಹಂಚು ತೆಗೆದು, ಒಳಗೆ ಇಳಿದು ಅವರನ್ನು ಅಲುಗಿಸಿ ಎಬ್ಬಿಸಿದ. ದೇವರ ದಯೆಯಿಂದ ಗಾಳಿ ಆಚೆ ಕಡೆಗೆ ಬೀಸುತ್ತಿತ್ತು. ಬೆಂಕಿ ಕಟ್ಟಿಗೆಯ ರಾಶಿಗೆ ತಾಗುವ ಮೊದಲೇ ಆರಿಸಲಾಯಿತು. ಮರುದಿನ ಆ ಸಹೋದರಿ ಕೈಸನ್ನೆಯಲ್ಲಿ ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: 'ನನ್ನ ನೆನಪು ನಿಮಗೆ ಎಷ್ಟು ಹೊತ್ತಿಗೆ ಬಂತು?'

ನಮ್ಮಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಗೆ ನಾವೆಲ್ಲರೂ ಸೇರಿ ಉತ್ತರ ಕೊಡಬೇಕಾಗಿದೆ ಎಂಬುದಕ್ಕಾಗಿಯೇ ಈ ಲೇಖನ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಬೆಂಕಿಯ ಎಚ್ಚರಿಕೆಯ ಗಂಟೆಯನ್ನು ಅದರ ಸದ್ದು ಎಷ್ಟು ದೊಡ್ಡದು ಎಂಬುದರಿಂದ ಆರಿಸಬಾರದು. ಆ ಮನೆಯಲ್ಲಿ ಎಲ್ಲರಿಗಿಂತ ಕಷ್ಟದಲ್ಲಿ ಎಚ್ಚರಾಗುವವರು ಯಾರೋ, ಅವರು ಅದರಿಂದ ಎದ್ದರೇ ಎಂಬುದರಿಂದ ಆರಿಸಬೇಕು. ಯಂತ್ರ ಎಷ್ಟೇ ಒಳ್ಳೆಯದಿರಲಿ, ಅದರ ಜೊತೆಗೆ ಹೆಸರು ಹಿಡಿದು ನೇಮಿಸಿದ ಒಬ್ಬ ನೆರೆಯವನು ಇರಲೇಬೇಕು.

ನಿದ್ರೆ ಮತ್ತು ಸದ್ದು

'ದೊಡ್ಡ ಸದ್ದಾದರೆ ಯಾರೂ ಏಳುತ್ತಾರೆ' ಎಂದು ನಾವು ನಂಬಿದ್ದೇವೆ. ನಮ್ಮ ಊರಿನಲ್ಲಿ ಇದಕ್ಕೆ ವಿರುದ್ಧವಾದ ಸಾಕ್ಷಿ ಎಲ್ಲರಿಗೂ ಗೊತ್ತು. ಯಕ್ಷಗಾನದ ಆಟಕ್ಕೆ ಕರೆದುಕೊಂಡು ಹೋದ ಮಕ್ಕಳು ಚೆಂಡೆಯಿಂದ ಹತ್ತು ಮಾರು ದೂರದಲ್ಲಿ ಚಾಪೆಯ ಮೇಲೆ ಬೆಳಗಿನವರೆಗೆ ನಿದ್ರಿಸುವುದನ್ನು ನೋಡದವರು ಈ ಜಿಲ್ಲೆಯಲ್ಲಿ ಯಾರಿದ್ದಾರೆ? ಸದ್ದು ದೊಡ್ಡದಾಗಿದ್ದ ಮಾತ್ರಕ್ಕೆ ನಿದ್ರೆ ಹರಿಯುವುದಿಲ್ಲ.

ಇದನ್ನು ತಜ್ಞರೂ ಪರೀಕ್ಷಿಸಿ ನೋಡಿದ್ದಾರೆ. ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದವರು 34 ಮಕ್ಕಳ ಮನೆಗಳಲ್ಲಿ ರಾತ್ರಿ ಹೊಗೆ ಅಲಾರಾಂ ಬಾರಿಸಿ ನೋಡಿದಾಗ 27 ಮಕ್ಕಳು ಪದೇ ಪದೇ ಬಾರಿಸಿದರೂ ಏಳಲಿಲ್ಲ ಎಂದು 2017ರಲ್ಲಿ ವರದಿಯಾಯಿತು. ಇವು ಕಿವಿ ಚೆನ್ನಾಗಿಯೇ ಕೇಳುವ ಮಕ್ಕಳು. ಹಾಗಾದರೆ ಕೇಳದ ಮಕ್ಕಳ ಗತಿಯೇನು?

ಇನ್ನೊಂದು ನಂಬಿಕೆ, 'ಹೊಗೆಯ ವಾಸನೆ ಬಂದರೆ ಎಚ್ಚರಾಗುತ್ತದೆ' ಎಂಬುದು. ಇದು ಪ್ರಾಣಕ್ಕೆ ಅಪಾಯಕರವಾದ ನಂಬಿಕೆ. ಗಾಢ ನಿದ್ರೆಯಲ್ಲಿ ಮೂಗು ನಮ್ಮನ್ನು ಎಬ್ಬಿಸುವುದಿಲ್ಲ ಎಂದು 2004ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು ತೋರಿಸಿಕೊಟ್ಟರು. ಇಷ್ಟು ಸಾಲದೆಂಬಂತೆ, ಹೊಗೆಯಲ್ಲಿ ಇರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಅದು ಮಲಗಿದವನನ್ನು ಎಬ್ಬಿಸುವ ಬದಲು ಇನ್ನೂ ಆಳಕ್ಕೆ ಎಳೆಯುತ್ತದೆ. ಬೆಂಕಿಯಲ್ಲಿ ಸಾಯುವ ಅನೇಕರು ಉರಿ ತಾಗುವ ಮೊದಲೇ ಹೊಗೆಯಿಂದ ಸಾಯುತ್ತಾರೆ.

ಘಾಟಿನ ಮಾತು ಬೇರೆ. ಒಲೆಗೆ ಒಣಮೆಣಸು ಬಿದ್ದರೆ ಮನೆಮಂದಿಯೆಲ್ಲ ಎದ್ದು ಕೆಮ್ಮುವುದುಂಟಷ್ಟೆ. ಜಪಾನಿನ ಕೆಲವರು ಇದೇ ಯುಕ್ತಿಯಿಂದ, ವಸಾಬಿ ಎಂಬ ಬೇರಿನ ಘಾಟನ್ನು ಕೋಣೆಗೆ ಚಿಮ್ಮಿಸಿ ಕಿವಿ ಕೇಳದವರನ್ನು ಎಬ್ಬಿಸುವ ಅಲಾರಾಂ ಮಾಡಿದರು. ನಗಿಸಿ ಚಿಂತನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ನೊಬೆಲ್ ಬಹುಮಾನ ಅವರಿಗೆ 2011ರಲ್ಲಿ ಸಿಕ್ಕಿತು. ನಗುವುದಿದ್ದರೆ ನಗೋಣ. ಆದರೆ ಕೇಳದವರನ್ನು ಎಬ್ಬಿಸುವುದು ಹೇಗೆಂದು ಅವರು ಕುಳಿತು ಯೋಚಿಸಿದರು. ನಾವು ಅಷ್ಟೂ ಮಾಡಿಲ್ಲ.

ನಮ್ಮಲ್ಲಿ ಇಂಥವರು ಯಾರಿದ್ದಾರೆ?

'ಕಿವುಡರು ಎಷ್ಟು ಮಂದಿ ಇದ್ದಾರೆ? ಒಬ್ಬರೋ ಇಬ್ಬರೋ' ಎಂದು ಕೇಳುವವರಿದ್ದಾರೆ. ನಾವು ಲೈನಿನಿಂದ ಲೈನಿಗೆ ಹೋಗಿ ನೋಡಿದಾಗ ನಮಗೆ ಕಂಡದ್ದು ಬೇರೆ. ವಯಸ್ಸಾದ ಅಜ್ಜ ಅಜ್ಜಿಯಂದಿರಲ್ಲಿ ಕಿವಿ ಮಂದವಾಗಿರುವವರು ಬಹಳ. ವರ್ಷಗಟ್ಟಲೆ ಯಂತ್ರದ ಬಳಿ ದುಡಿದವರ ಕಿವಿ ಕೆಟ್ಟಿದೆ. ಶ್ರವಣಯಂತ್ರ ಇರುವವರು ರಾತ್ರಿ ಅದನ್ನು ತೆಗೆದಿಟ್ಟು ಮಲಗುತ್ತಾರೆ. ಶಸ್ತ್ರಚಿಕಿತ್ಸೆಯಿಂದ ಕಿವಿಯೊಳಗೆ ಉಪಕರಣ ಇಡಿಸಿಕೊಂಡ ಮಗುವಿನ ಹೊರಗಿನ ಭಾಗವನ್ನೂ ತಾಯಿ ಮಲಗುವಾಗ ಕಳಚಿಡುತ್ತಾಳೆ. ಹಗಲು ಕೇಳುವ ಇವರೆಲ್ಲರೂ ರಾತ್ರಿ ಕೇಳದವರೇ. ಇನ್ನು ಅಪಸ್ಮಾರಕ್ಕೋ ನೋವಿಗೋ ಮಾತ್ರೆ ನುಂಗಿ ಮಲಗುವವರು, ರಾತ್ರಿ ಎರಡು ಗಂಟೆಗೆ ಎದ್ದು ಮರ ಕೆತ್ತಿ ದಣಿದವರು, ಮತ್ತು ಹೇಳಲು ನಾಚಿಕೆಯಾದರೂ ಹೇಳಲೇಬೇಕು, ಕುಡಿದು ಮಲಗಿದವರು. ಸ್ವಲ್ಪವೇ ಕುಡಿದಿದ್ದರೂ ಅಲಾರಾಂಗೆ ಎಚ್ಚರಾಗುವುದು ಕಷ್ಟವೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ. ಇವರನ್ನೆಲ್ಲ ಸೇರಿಸಿ ಎಣಿಸಿದರೆ, ಇಂಥ ಒಬ್ಬರಾದರೂ ಇಲ್ಲದ ಮನೆಗಳೇ ನಮಗೆ ಕಡಿಮೆ ಸಿಕ್ಕವು.

ನಮ್ಮ ಜಿಲ್ಲೆಗೆ ಇನ್ನೊಂದು ಗಾಯವಿದೆ. ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆಯ ಪಡ್ರೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು ಮೊದಲ್ಗೊಂಡು 11 ಪಂಚಾಯತುಗಳ ಹೆಸರು ಈ ದುಃಖದ ಪಟ್ಟಿಯಲ್ಲಿ ಸೇರಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಈ ವಿಷವನ್ನು ದೇಶದಲ್ಲೆಲ್ಲ ತಡೆಯಿತು. 2017ರ ಜನವರಿ 10ರಂದು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. ಅಂದಿನ ಮಕ್ಕಳು ಇಂದು ಬೆಳೆದು ದೊಡ್ಡವರಾಗಿದ್ದಾರೆ. ಕೆಲವರಿಗೆ ಕಿವಿ ಕೇಳದು, ಕೆಲವರಿಗೆ ಮಾತು ಬಾರದು, ಕೆಲವರು ಎದ್ದು ನಡೆಯಲಾರರು. ಅವರನ್ನು ನೋಡಿಕೊಳ್ಳುವ ತಾಯಂದಿರಿಗೆ ವಯಸ್ಸಾಗುತ್ತಿದೆ. ಹಗಲು ಕೂಲಿಗೆ ಹೋಗುವಾಗ ಮಗನನ್ನು ಒಳಗಿಟ್ಟು ಹೊರಗಿನಿಂದ ಚಿಲಕ ಹಾಕುವ ತಾಯಿಯನ್ನು ನಾವು ಬಲ್ಲೆವು. ಆಕೆಯನ್ನು ದೂರುವ ಬಾಯಿ ನಮಗಿಲ್ಲ. ಆದರೆ ಆ ಚಿಲಕವನ್ನು ನೆನೆದರೆ ನಮಗೆ ನಿದ್ದೆ ಬರುವುದಿಲ್ಲ. ತಮಿಳುನಾಡಿನ ಏರವಾಡಿಯಲ್ಲಿ 2001ರ ಆಗಸ್ಟ್ 6ರ ಬೆಳಗ್ಗಿನ ಜಾವ ಸರಪಳಿ ಹಾಕಿಟ್ಟಿದ್ದ 28 ಮಂದಿ ಮಾನಸಿಕ ರೋಗಿಗಳು ಬೆಂಕಿಗೆ ಆಹುತಿಯಾದರು. ಎಚ್ಚರವಿದ್ದರೂ ಅವರು ಓಡುವಂತಿರಲಿಲ್ಲ.

ಯಾವ ಅಲಾರಾಂ ಒಳ್ಳೆಯದು?

ಈಗ ಯಂತ್ರದ ಮಾತಿಗೆ ಬರೋಣ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಹೊಗೆ ಅಲಾರಾಂ ಬ್ಯಾಟರಿಯಿಂದ ನಡೆಯುತ್ತದೆ. ಬೆಲೆ ಒಂದು ಸಾಧಾರಣ ಮೊಬೈಲಿಗಿಂತ ಕಡಿಮೆ. ಹೊಗೆ ಒಳಹೊಕ್ಕರೆ ಅದು ಕಿರಿಚುತ್ತದೆ. ಅದರ ಕಿರಿಚು ಸೆಕೆಂಡಿಗೆ ಸುಮಾರು 3100 ಕಂಪನಗಳ ತೀಕ್ಷ್ಣ ಸ್ವರ, ಜೀರುಂಡೆಯ ಹಾಗೆ. ವಯಸ್ಸಾದಂತೆ ಕಿವಿಯಲ್ಲಿ ಮೊದಲು ಸಾಯುವುದು ಇಂಥ ತೀಕ್ಷ್ಣ ಸ್ವರವನ್ನು ಹಿಡಿಯುವ ಶಕ್ತಿಯೇ! ಅಂದರೆ, ಯಾರಿಗೆ ಹೆಚ್ಚು ಬೇಕೋ ಅವರಿಗೇ ಇದು ಕಡಿಮೆ ಕೇಳುತ್ತದೆ.

ಇದಕ್ಕೆ ಬದಲಾಗಿ ಸೆಕೆಂಡಿಗೆ 520 ಕಂಪನಗಳ ತಗ್ಗಿದ, ಒರಟು ಸ್ವರದ ಅಲಾರಾಂ ಇದೆ. ನಮ್ಮ ಹಾರ್ಮೋನಿಯಂನ ನಡುಭಾಗದಲ್ಲಿ ಸಿಗುವ ಸ್ವರವಿದು. ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿರುವ ವಿಕ್ಟೋರಿಯ ವಿಶ್ವವಿದ್ಯಾಲಯದ ಡೊರತಿ ಬ್ರಕ್ ಮತ್ತು ಇಯಾನ್ ಥಾಮಸ್ ಎಂಬವರು ಕಿವಿ ಮಂದವಾದವರನ್ನು ಮಲಗಿಸಿ ಪರೀಕ್ಷಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾಧಾರಣ ಜೋರಿನಲ್ಲಿ ಬಾರಿಸಿದಾಗ ತಗ್ಗಿನ ಸ್ವರಕ್ಕೆ ನೂರಕ್ಕೆ 92 ಮಂದಿ ಎದ್ದರು. ತೀಕ್ಷ್ಣ ಸ್ವರಕ್ಕೆ ಎದ್ದವರು ನೂರಕ್ಕೆ 56 ಮಾತ್ರ. ಹಾಸಿಗೆಯನ್ನೋ ದಿಂಬನ್ನೋ ನಡುಗಿಸುವ ಸಾಧನಕ್ಕೆ ನೂರಕ್ಕೆ 80ರ ಆಸುಪಾಸಿನಲ್ಲಿ ಎದ್ದರು. ಮಿಣುಕುವ ಬೆಳಕಿಗೆ ಎದ್ದವರು ನೂರಕ್ಕೆ 27. ಇದನ್ನು ಓದಿ ನಮಗೂ ಆಶ್ಚರ್ಯವಾಯಿತು. ಕಿವುಡರಿಗೆ ದೀಪ ಮಿಣುಕಿಸಿದರೆ ಸಾಕೆಂದು ನಾವೂ ತಿಳಿದಿದ್ದೆವು. ಮಿಣುಕು ಬೆಳಕು ಎಚ್ಚರವಿದ್ದವರಿಗೆ ಒಳ್ಳೆಯದು. ಕಣ್ಣು ಮುಚ್ಚಿ, ಹೊದಿಕೆ ಮುಸುಕಿ ಮಲಗಿದವರಿಗೆ ಅದನ್ನು ನಂಬಲಾಗದು.

ಆದುದರಿಂದ ಆಯ್ಕೆ ಹೀಗಿರಲಿ. ಕಿವಿ ಮಂದವಾದ ಹಿರಿಯರು, ಮಕ್ಕಳು, ಗಾಢ ನಿದ್ರೆಯವರು ಇರುವ ಮನೆಗೆ ತಗ್ಗಿನ ಸ್ವರದ ಅಲಾರಾಂ. ಏನೂ ಕೇಳದವರಿಗೆ ಅಲಾರಾಂಗೆ ಜೋಡಿಸಿದ ನಡುಗುವ ಸಾಧನ, ಅದೂ ಬಿಟ್ಟು ಬಿಟ್ಟು ನಡುಗುವಂಥದು. ಮಂಚದಲ್ಲಿ ಮಲಗುವವರಿಗೆ ಹಾಸಿಗೆಯ ಅಡಿಯಲ್ಲಿ, ನೆಲದ ಮೇಲೆ ಚಾಪೆಯಲ್ಲಿ ಮಲಗುವವರಿಗೆ ತಲೆದಿಂಬಿನ ಅಡಿಯಲ್ಲಿ ಇಡಬೇಕು. ಲೈನ್ ಮನೆಗಳು ಒಂದೇ ಮಾಡಿನ ಅಡಿಯಲ್ಲಿ ಸಾಲಾಗಿರುವುದರಿಂದ, ತಂತಿಯಿಲ್ಲದೆ ಒಂದಕ್ಕೊಂದು ಜೋಡಿಸುವ ಅಲಾರಾಂಗಳು ಸಿಕ್ಕಿದರೆ ಬಹಳ ಒಳ್ಳೆಯದು. ಮೊದಲನೆಯ ಮನೆಯಲ್ಲಿ ಹೊಗೆಯಾದರೆ ಕೊನೆಯ ಮನೆಯಲ್ಲೂ ಬಾರಿಸುತ್ತದೆ.

ಮೊಬೈಲ್ ಫೋನಿನ ಬಗ್ಗೆ ಯುವಕರು ಕೇಳುತ್ತಾರೆ. ಅಲಾರಾಂನ ಸದ್ದನ್ನು ಗುರುತಿಸಿ ನಡುಗುವ ಏರ್ಪಾಡು 2020ರಿಂದೀಚೆಗೆ ಅನೇಕ ಸ್ಮಾರ್ಟ್‌ಫೋನುಗಳಲ್ಲಿ ಇದೆ. ಹಗಲಿನಲ್ಲಿ ಇದು ಉಪಕಾರಿ. ಆದರೆ ಫೋನಿನ ಸಣ್ಣ ನಡುಕಕ್ಕೆ ದಣಿದು ಮಲಗಿದವರು ಏಳುವರೆಂಬ ಭರವಸೆ ಇಲ್ಲ. ಚಾರ್ಜಿಗೆ ಹಾಕಿದ ಫೋನನ್ನು ದಿಂಬಿನಡಿ ಇಟ್ಟು ಮಲಗುವುದಂತೂ ಬೇಡವೇ ಬೇಡ. ಬೆಂಕಿಗೆ ಹೆದರಿ ಬೆಂಕಿಯನ್ನೇ ತಲೆಯಡಿ ಇಟ್ಟುಕೊಂಡಂತಾದೀತು.

ನಮ್ಮ ಮನೆಗಳಿಗೆ ಹೊಂದುವಂತೆ

ಪೇಟೆಯ ಫ್ಲಾಟಿಗೆ ಮಾಡಿದ ಅಲಾರಾಂ ನಮ್ಮ ಮನೆಗೆ ಹಾಗೆಯೇ ಹೊಂದುವುದಿಲ್ಲ. ಕಟ್ಟಿಗೆಯ ಒಲೆ ಇರುವ ಅಡುಗೆಮನೆಯಲ್ಲಿ ಹೊಗೆ ಅಲಾರಾಂ ಹಾಕಿದರೆ ಅದು ಬೆಳಗ್ಗೆ ಗಂಜಿ ಬೇಯುವಾಗಲೇ ಕಿರಿಚುತ್ತದೆ. ಮೂರನೆಯ ದಿನ ಯಾರಾದರೂ ಬ್ಯಾಟರಿ ಕಿತ್ತಿಡುತ್ತಾರೆ. ಅಡುಗೆಮನೆಗೂ ಬಚ್ಚಲ ಒಲೆಯ ಬಳಿಗೂ ಬೇಕಾದದ್ದು ಹೊಗೆಗೆ ಬಾರಿಸದೆ ಶಾಖಕ್ಕೆ ಬಾರಿಸುವ ಅಲಾರಾಂ. ಸುಮಾರು 57 ಡಿಗ್ರಿ ಸೆಲ್ಸಿಯಸಿಗೆ ಬಾರಿಸುವಂಥದು ಸಿಗುತ್ತದೆ. ಮಲಗುವ ಕೋಣೆಗೆ ಹೊಗೆ ಅಲಾರಾಂ. ಇದರಲ್ಲಿಯೂ ಬೆಳಕಿನ ಕಿರಣದಿಂದ ಹೊಗೆಯನ್ನು ಕಾಣುವ ಬಗೆಯದನ್ನು ಕೇಳಿ ತೆಗೆದುಕೊಳ್ಳಿ. ಹಾಸಿಗೆ, ಬಟ್ಟೆ, ಸೋಗೆ ಉರಿಯದೆ ಹೊಗೆಯಾಡುವಾಗ ಅದು ಬೇಗ ತಿಳಿಸುತ್ತದೆ. ಪೆಟ್ಟಿಗೆಯ ಮೇಲೆ ಐಎಸ್‌ಐ ಗುರುತೋ, ಐಎಸ್‌ಒ 12239 ಅಥವಾ ಇಎನ್ 14604 ಎಂಬ ಸಂಖ್ಯೆಯೋ ಇದೆಯೇ ನೋಡಿ.

ಹಂಚಿನ ಮಾಡಿನಲ್ಲಿ ಅಲಾರಾಂ ಅನ್ನು ತುದಿಯ ಮೂಲೆಗೆ ಅಂಟಿಸದೆ, ಅದಕ್ಕಿಂತ ಒಂದು ಗೇಣು ಕೆಳಗೆ ಪಕ್ಕಾಸಿಗೆ ತೂಗಿಸಬೇಕು. ತುದಿಯ ಸಂದಿಯಲ್ಲಿ ನಿಂತ ಗಾಳಿ ಹೊಗೆಯನ್ನು ತಡೆಯುತ್ತದೆ. ತಗಡಿನ ಮಾಡಾದರೆ ತಗಡಿಗೆ ತಾಗಿಸಬೇಡಿ. ಏಪ್ರಿಲ್ ಬಿಸಿಲಿಗೆ ಸುಮ್ಮನೆ ಬಾರಿಸೀತು. ನಮ್ಮಲ್ಲಿ ಹಲ್ಲಿ, ಜೇಡ, ಮಳೆಗಾಲದ ತೇವ ಎಲ್ಲವೂ ಅದರ ಶತ್ರುಗಳು. ತಿಂಗಳಿಗೊಮ್ಮೆ ಬಟ್ಟೆಯಿಂದ ಒರಸಿ, ಗುಂಡಿ ಒತ್ತಿ ಪರೀಕ್ಷಿಸಿ. ತಿಂಗಳ ಮೊದಲ ಭಾನುವಾರ ಎಂದು ಇಟ್ಟುಕೊಂಡರೆ ಮರೆಯದು. ಹತ್ತು ವರ್ಷವಾದ ಮೇಲೆ ಅಲಾರಾಂ ಅನ್ನೇ ಬದಲಾಯಿಸಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಪರೀಕ್ಷೆ. ಹಗಲಿನಲ್ಲಿ ಗುಂಡಿ ಒತ್ತಿ, 'ಬಾರಿಸುತ್ತದೆ, ಸರಿ' ಎಂದರೆ ಸಾಲದು. ಯಾರಿಗಾಗಿ ಅದನ್ನು ತಂದಿರೋ ಅವರಿಗೆ ಮೊದಲೇ ತಿಳಿಸಿ, ಅವರ ಒಪ್ಪಿಗೆ ಪಡೆದು, ರಾತ್ರಿ ಅವರು ಗಾಢ ನಿದ್ರೆಯಲ್ಲಿರುವಾಗ ಬಾರಿಸಿ ನೋಡಬೇಕು. ಹೃದಯದ ಕಾಯಿಲೆ, ಅಪಸ್ಮಾರ ಇರುವವರ ವಿಷಯದಲ್ಲಿ ವೈದ್ಯರನ್ನು ಕೇಳದೆ ಹೀಗೆ ಮಾಡಬೇಡಿ. ಬೇರೆ ಬೇರೆ ರಾತ್ರಿಗಳಲ್ಲಿ ಮೂರು ಸಲ ಎದ್ದರೆ ಆ ಅಲಾರಾಂ ಅವರದು. ಏಳದಿದ್ದರೆ, ಅದು ಎಷ್ಟೇ ಬೆಲೆಯದ್ದಾಗಿದ್ದರೂ ಅವರ ಪಾಲಿಗೆ ಗೋಡೆಯ ಅಲಂಕಾರ.

ಹಗ್ಗ ಮತ್ತು ಹೆಸರು

ಇಷ್ಟೆಲ್ಲ ಹೇಳಿದ ಮೇಲೂ ನೂರಕ್ಕೆ ಇಪ್ಪತ್ತು ಮಂದಿ ನಡುಗುವ ದಿಂಬಿಗೂ ಏಳಲಿಲ್ಲ ಎಂಬುದನ್ನು ಮರೆಯಲಾಗದು. ಬ್ಯಾಟರಿ ಮುಗಿದಿರಬಹುದು, ತಂತಿಯನ್ನು ಇಲಿ ಕಡಿದಿರಬಹುದು. ಆದುದರಿಂದ ಯಂತ್ರದ ಹಿಂದೆ ಮನುಷ್ಯ ಬೇಕು.

ನಮ್ಮ ಸಲಹೆ ಇಷ್ಟೆ. ಪ್ರತಿಯೊಂದು ಲೈನಿನಲ್ಲಿ, ರಾತ್ರಿ ತಾವಾಗಿ ಏಳಲಾರದವರ ಪಟ್ಟಿ ಮಾಡಿ. ಪ್ರತಿಯೊಬ್ಬರ ಹೆಸರಿನ ಮುಂದೆ ಇಬ್ಬರು ನೆರೆಯವರ ಹೆಸರು ಬರೆಯಿರಿ. ಒಬ್ಬರು ಟ್ಯಾಪಿಂಗಿಗೆ ಹೋಗಿದ್ದರೆ ಇನ್ನೊಬ್ಬರು ಇರಲಿ. 'ಎಲ್ಲರೂ ನೋಡಿಕೊಳ್ಳುತ್ತಾರೆ' ಎಂಬಲ್ಲಿ ಯಾರೂ ನೋಡುವುದಿಲ್ಲ. ಆ ರಾತ್ರಿ ಅಂಗಳದಲ್ಲಿ ನಿಂತಿದ್ದ ನಾವೇ ಇದಕ್ಕೆ ಸಾಕ್ಷಿ. ಹೆಸರು ಬಿದ್ದವರ ಬಳಿ ಆ ಮನೆಯ ಬಾಗಿಲಿನ ಇನ್ನೊಂದು ಬೀಗದಕೈ ಇರಲಿ, ಅಥವಾ ಒಳಗಿನ ಅಗಳಿಯನ್ನು ಹೊರಗಿನಿಂದಲೂ ತೆಗೆಯುವಂತೆ ಬಡಗಿಯಿಂದ ಮಾಡಿಸಲಿ. ಹೊರಗಿನಿಂದ ಚಿಲಕ ಹಾಕುವ ಮನೆಯ ವಿಷಯ ಹಗಲಿನಲ್ಲಿಯೂ ಯಾರಾದರೊಬ್ಬರಿಗೆ ತಿಳಿದಿರಲಿ.

ಲೈನ್ ಮನೆಗಳ ನಡುಗೋಡೆ ಮಾಡಿನವರೆಗೆ ಹೋಗದೆ ಮೇಲೆ ಸಂದಿ ಬಿಟ್ಟಿರುವುದು ಅನೇಕ ಕಡೆಗಳಲ್ಲಿ ಇದೆ. ಈ ಸಂದಿಯಲ್ಲಿ ಒಂದು ಹಗ್ಗ ಹಾಯಿಸಿ, ಒಂದು ತುದಿಯನ್ನು ನೆರೆಮನೆಯಲ್ಲಿಟ್ಟು, ಇನ್ನೊಂದು ತುದಿಯನ್ನು ಕೇಳದವರ ದಿಂಬಿನ ಚೀಲಕ್ಕೆ ಹೊಲಿದುಬಿಡಿ. ಎಳೆದರೆ ದಿಂಬು ಕದಲುತ್ತದೆ. ಖರ್ಚು ಏನೂ ಇಲ್ಲ. ಒಂದು ಎಚ್ಚರಿಕೆ: ಹಗ್ಗವನ್ನು ಯಾರ ಮೈಗೂ, ಮುಖ್ಯವಾಗಿ ಮಕ್ಕಳ ಮೈಗೆ, ಕಟ್ಟಬಾರದು. ಚಿಕ್ಕ ಮಕ್ಕಳು ಮಲಗುವಲ್ಲಿ ಹಗ್ಗವೇ ಬೇಡ. ಅಲ್ಲಿ ನೆರೆಯವರೇ ಹೋಗಬೇಕು.

ಕೇಳದವರಿಗೆ ಕತ್ತಲಲ್ಲಿ ಮಾತಾಡುವುದೂ ಕಷ್ಟ. ಭುಜಕ್ಕೆ ಮೂರು ಸಲ ತಟ್ಟಿದರೆ 'ಬೆಂಕಿ, ಕೂಡಲೇ ಹೊರಗೆ' ಎಂಬಂಥ ಒಂದು ಗುರುತನ್ನು ಅವರೊಡನೆ ಮೊದಲೇ ಗೊತ್ತುಮಾಡಿಕೊಳ್ಳಿ. ಹೊಗೆ ತುಂಬಿದಾಗ ನೆಲಕ್ಕೆ ಬಾಗಿ ತೆವಳುವುದನ್ನು ಎಲ್ಲರಿಗೂ ಕಲಿಸಿ. ಹೊರಬಂದವರು ಒಂದೇ ಮರದ ಅಡಿಯಲ್ಲಿ ಸೇರಿ. ಅಲ್ಲಿ ತಲೆ ಎಣಿಸುವಾಗ ಮೊದಲು ಆ ಪಟ್ಟಿಯನ್ನು ಓದಿ, ಆಮೇಲೆ ನಮ್ಮ ನಮ್ಮ ಮಕ್ಕಳನ್ನು ಎಣಿಸೋಣ. 101 ಅಥವಾ 112ಕ್ಕೆ ಫೋನ್ ಮಾಡುವವನು ಯಾರೆಂಬುದೂ ಮೊದಲೇ ಗೊತ್ತಿರಲಿ. ಅಗ್ನಿಶಾಮಕ ದಳದ ಗಾಡಿ ಪೇಟೆಯಿಂದ ಹೊರಟು ತೋಟದ ದಾರಿ ಹತ್ತಿ ಬರುವಷ್ಟರಲ್ಲಿ ಮೊದಲ ನಿಮಿಷಗಳು ಕಳೆದಿರುತ್ತವೆ. ಆ ನಿಮಿಷಗಳು ನಮ್ಮ ಕೈಯಲ್ಲಿವೆ.

ಯಾರ ಹೊಣೆ?

'ಮಾಡು ಸೋರುತ್ತಿದೆ, ಕಕ್ಕಸಿಗೆ ನೀರಿಲ್ಲ, ಇವರಿಗೆ ಅಲಾರಾಂ ಚಿಂತೆ' ಎಂದು ನಮ್ಮ ಕೂಟದಲ್ಲಿಯೇ ಒಬ್ಬ ಹಿರಿಯರು ಹೇಳಿದರು. ಅವರ ಮಾತಿನಲ್ಲಿ ನ್ಯಾಯವಿದೆ. ಸೋರುವ ಮಾಡಿನ ಬೇಡಿಕೆಯನ್ನು ಬಿಟ್ಟುಕೊಡಿ ಎಂದು ನಾವು ಹೇಳುವುದಿಲ್ಲ. ಆದರೆ ಸೋರುವ ಮಾಡಿನ ಅಡಿ ಮಲಗಿದವನು ಬೆಳಗ್ಗೆ ಎದ್ದು ಮುಷ್ಕರಕ್ಕೆ ಬರಬಲ್ಲ. ಹೊಗೆಯಲ್ಲಿ ಮಲಗಿದವನು ಬರಲಾರ. ಎರಡನ್ನೂ ಒಂದೇ ಮನವಿಯಲ್ಲಿ ಬರೆಯೋಣ.

ತೋಟದ ಕಾರ್ಮಿಕನಿಗೆ ಮನೆ ಕೊಡುವ ಹೊಣೆಯನ್ನು 1951ರ ತೋಟ ಕಾರ್ಮಿಕರ ಕಾಯ್ದೆ ಒಡೆಯನ ಮೇಲೆ ಹೊರಿಸಿತ್ತು. ಆ ಕಾಯ್ದೆಯ ಜಾಗಕ್ಕೆ ಈಗ 2020ರ ಔದ್ಯೋಗಿಕ ಸುರಕ್ಷೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ. ಕಾನೂನಿನ ಹೆಸರು ಬದಲಾದರೂ ತೋಟದ ಮನೆಯ ಹೊಣೆ ಹೋಗಿಲ್ಲ. ಮನೆ ಎಂದರೆ ನಾಲ್ಕು ಗೋಡೆ ಮಾತ್ರವೇ? ಅದರಲ್ಲಿ ಮಲಗಿದವರು ಬೆಳಗ್ಗೆ ಜೀವಂತ ಏಳಬೇಕೆಂಬುದೂ ಮನೆಯ ಅರ್ಥದಲ್ಲಿ ಸೇರಿದೆ ಎಂದು ನಾವು ವಾದಿಸಬೇಕು. ಹೊಗೆಮನೆಯನ್ನೂ ಕಟ್ಟಿಗೆಯ ರಾಶಿಯನ್ನೂ ಲೈನಿನಿಂದ ದೂರ ಇಡುವುದು, ಪ್ರತಿ ಮನೆಗೆ ಅಲಾರಾಂ, ಕೇಳದವರಿರುವ ಮನೆಗೆ ನಡುಗುವ ಸಾಧನ: ಈ ಮೂರನ್ನು ಮುಂದಿನ ಬೇಡಿಕೆಪಟ್ಟಿಯಲ್ಲಿ ಸೇರಿಸಬೇಕೆಂದು ಎಲ್ಲ ಸಂಘಗಳ ಮಿತ್ರರನ್ನೂ ಕೇಳಿಕೊಳ್ಳುತ್ತೇವೆ. ಇದರಲ್ಲಿ ಬಾವುಟದ ಬಣ್ಣ ನೋಡಬೇಕಾಗಿಲ್ಲ.

ಸರಕಾರಕ್ಕೂ ಹೊಣೆಯಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 8ನೆಯ ಕಲಮಿನ ಪ್ರಕಾರ, ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಜಿಲ್ಲೆಯ ವಿಕಲಚೇತನರ ವಿವರಗಳ ದಾಖಲೆ ಇಟ್ಟುಕೊಂಡಿರಬೇಕು. ಅಪಾಯದ ಸಂದರ್ಭವನ್ನು ಅವರಿಗೆ ತಿಳಿಸಲು ತಕ್ಕ ಏರ್ಪಾಡು ಮಾಡಬೇಕು. ಇದು ಭಿಕ್ಷೆಯಲ್ಲ, ಹಕ್ಕು. ಆ ದಾಖಲೆಯಲ್ಲಿ ನಮ್ಮ ಲೈನಿನವರ ಹೆಸರಿದೆಯೇ ಎಂದು ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳೋಣ. ಪಂಚಾಯತಿನ ಯೋಜನೆಯಲ್ಲಿ ವಿಕಲಚೇತನರಿಗಾಗಿ ತೆಗೆದಿಡುವ ಹಣದಿಂದ ನಡುಗುವ ಅಲಾರಾಂ ಕೊಡಿಸಿ ಎಂದು ಅರ್ಜಿ ಹಾಕೋಣ. ಎಚ್ಚರಿಕೆಯ ಸೂಚನೆಗಳು ಮಲಯಾಳದ ಜೊತೆಗೆ ಕನ್ನಡದಲ್ಲಿಯೂ, ಓದಲು ಬಾರದವರಿಗೆ ಚಿತ್ರಗಳಲ್ಲಿಯೂ ಇರಲಿ. ಚೆರ್ಕಳದ ಮಾರ್ತೋಮಾ ಕಿವುಡರ ಶಾಲೆಯಂಥಲ್ಲಿ ಸನ್ನೆಭಾಷೆ ಬಲ್ಲ ಅಧ್ಯಾಪಕರಿದ್ದಾರೆ. ಅಂಥವರನ್ನು ಕರೆದು ಒಂದು ಸಂಜೆ ಎಲ್ಲರೂ ನಾಲ್ಕು ಸನ್ನೆ ಕಲಿಯಬಾರದೇಕೆ?

ಕೇರಳವು ಈಗ 'ಕವಚಂ' ಎಂಬ ಹೆಸರಿನಲ್ಲಿ ಸೈರನ್ನು ಮತ್ತು ಮಿಣುಕುವ ದೀಪಗಳ ಎಚ್ಚರಿಕೆಯ ವ್ಯವಸ್ಥೆಯನ್ನು ಏರ್ಪಡಿಸಿದೆ. 2025ರ ಜನವರಿಯಲ್ಲಿ ಅದು ಉದ್ಘಾಟನೆಗೊಂಡಿತು. ಒಳ್ಳೆಯದೇ. 2020ರ ಆಗಸ್ಟ್ 6ರ ರಾತ್ರಿ ಮುನ್ನಾರಿನ ಬಳಿಯ ಪೆಟ್ಟಿಮುಡಿಯಲ್ಲಿ ಗುಡ್ಡ ಕುಸಿದು, ನಮ್ಮಂಥದೇ ಲೈನ್ ಮನೆಗಳಲ್ಲಿದ್ದ 70 ಮಂದಿ ತೋಟದ ಜನ ಮಣ್ಣುಪಾಲಾದರು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಯಲ್ಲಿ ಜನ ಮಲಗಿದ್ದಾಗಲೇ ದುರಂತ ಬಂದೆರಗಿತು. ಬೆಂಕಿಯಾಗಲಿ ಗುಡ್ಡವಾಗಲಿ, ಬಡವನ ಮನೆಗೆ ರಾತ್ರಿಯೇ ಬರುತ್ತದೆ. ಆದರೆ ಗುಡ್ಡದ ಮೇಲಿನ ಸೈರನ್ನು ಮುಚ್ಚಿದ ಬಾಗಿಲಿನ ಒಳಗೆ ಮಲಗಿದ ಕಿವುಡ ತಾಯಿಯನ್ನು ಎಬ್ಬಿಸಲಾರದು. ಸೈರನ್ನಿನಿಂದ ಆಕೆಯ ದಿಂಬಿನವರೆಗಿನ ಕೊನೆಯ ಹತ್ತು ಹೆಜ್ಜೆಗಳನ್ನು ಯಾರಾದರೂ ನಡೆಯಲೇಬೇಕು.

ಯೆಹೆಜ್ಕೇಲನ ಪುಸ್ತಕದಲ್ಲಿ ಬರುವ ಕಾವಲುಗಾರನ ವಿಷಯ ನಮಗೆಲ್ಲ ತಿಳಿದದ್ದೇ. ಕೊಂಬು ಊದಬೇಕಾದ ಹೊಣೆಯನ್ನು ಅಲ್ಲಿ ಓದಿದ್ದೇವೆ. ಕೊಂಬು ಕೇಳಲಾರದವನಿಗೆ ಊದಿದರೆ ಹೊಣೆ ತೀರಿತೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ತೀರಲಿಲ್ಲ ಎಂಬುದು ನಮ್ಮ ಉತ್ತರ.

ಈ ಪತ್ರಿಕೆ ನಿಮ್ಮ ಕೈಸೇರಿದ ವಾರವೇ ನಿಮ್ಮ ಲೈನಿನ ಪಟ್ಟಿಯನ್ನು ಬರೆಯಿರಿ. ದೊಡ್ಡ ಸಭೆ ಬೇಡ, ಭಾಷಣ ಬೇಡ. ಒಂದು ಹಾಳೆ, ಒಂದು ಪೆನ್ನು ಸಾಕು. ಆ ಹೊಗೆಮನೆಯ ಪಕ್ಕದ ಲೈನಿನಲ್ಲಿ ಈಗ ಅಂಥ ಒಂದು ಹಾಳೆ ಗೋಡೆಯ ಮೇಲಿದೆ. ಕೊನೆಯ ಮನೆಯ ಸಹೋದರಿಯ ಹೆಸರು ಅದರಲ್ಲಿ ಮೊದಲನೆಯದು. ಅದರ ಮುಂದೆ ಇಬ್ಬರ ಹೆಸರಿದೆ. ಅವರಲ್ಲಿ ಒಬ್ಬ, ಅಂದು ಆಕೆಯನ್ನು ನೆನಪಿಸಿಕೊಂಡ ಆ ಹುಡುಗನೇ. ಈಗ ಅವನೂ ದುಡಿಯುವ ವಯಸ್ಸಿಗೆ ಬಂದಿದ್ದಾನೆ.